ಶಮಶುದ್ದೀನನ ಮೂರನೇ ಮಹಡಿ

ಮುಂಬಯಿಯಲ್ಲಿ ಮೂವತ್ತು ವರ್ಷ ಲಿಫ್ಟ್ ನಡೆಸಿದ ಶಮಶುದ್ದೀನ ೧೯೭೪ರಲ್ಲಿ ತನ್ನೂರು ಝಳಕಿಗೆ ಮರಳುವಾಗ ಗುಜರಿಗೆ ಬಿದ್ದಿದ್ದ ಲಿಫ್ಟೊಂದನ್ನು ಲಾರಿಯಲ್ಲಿ ಹೇರಿಕೊಂಡು ಬಂದ. ಮಹಡಿಯೇ ಇಲ್ಲದ ಮನೆಯ ಪಡಸಾಲೆಯಲ್ಲಿ ಅದನ್ನು ನಿಲ್ಲಿಸಿ, ಹಳೆಯ ಗಾಲಿ, ಹಗ್ಗ, ಹಿತ್ತಾಳೆ ಹಿಡಿಕೆಗಳನ್ನು ಸುತ್ತ ಜೋಡಿಸಿ, ‘ಲಿಫ್ಟ್ ಮ್ಯೂಸಿಯಂ’ ಎಂದು ಬೋರ್ಡು ಹಾಕಿದ. ಬಂದವರಿಗೆಲ್ಲ, ಲಿಫ್ಟನ್ನು ಆಳುಗಳು ಹಗ್ಗದಿಂದ ಎಳೆಯುತ್ತಿದ್ದ ಕಾಲದಿಂದ ಕತೆ ಶುರು ಮಾಡುತ್ತಿದ್ದ.

ಒಂದು ದಿನ ನೆರೆಮನೆಯ ಮುದುಕಿ ಸಾತವ್ವ ಲಿಫ್ಟಿನೊಳಗೆ ಹೋಗಿ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತಳು. ಶಮಶುದ್ದೀನನಿಗೆ ತುಂಟತನ ಹತ್ತಿತು. ಜಾಲರಿ ಬಾಗಿಲು ಎಳೆದು ಹಿಡಿಕೆ ತಿರುಗಿಸಿದ.

“ಕಣ್ಣ ಮುಚ್ಚಬೇ ಆಯಿ. ಹಾಂ, ಮೂರನೇ ಮಜಲಾ ಬಂತು.”

ಸಾತವ್ವ ಕಣ್ಣು ತೆರೆದು ಅಂಗಳ ನೋಡಿದಳು. “ಇಲ್ಲೂ ನನ್ನ ಎಮ್ಮಿನೇ ಐತಲ್ಲೋ!”

“ಅದು ಮೆಟ್ಟಲ ಹತ್ತಿ ಬಂದೈತಿ.”

“ಹಂಗಾದ್ರ ನನ್ನ ಕೆಳಗ ಇಳಸು.”

“ಕರೆಂಟ್ ಹೋಗೇತಿ ಆಯಿ.”

ಸಾತವ್ವ ಆರಾಮಾಗಿ ಕಾಲು ಚಾಚಿದಳು. “ನನ್ನ ಮೊಣಕಾಲಿಗೆ ಮೆಟ್ಟಲ ಆಗೂದಿಲ್ಲಪಾ. ಕರೆಂಟ್ ಬರೂತನಕ ಚಾ ಇಲ್ಲೇ ತಾ.”

ಶಮಶುದ್ದೀನ ಹೋಗಿ ಒಲೆ ಹೊತ್ತಿಸಿದ. ಮುದುಕಿ ಎರಡು ಕಪ್ಪು ಚಹಾ ಕುಡಿದ ಮೇಲೆಯೇ ಕರೆಂಟ್ ಬಂತು.