ಬೀಳಲು ಬಿಡದ ಕೆರೆ

ಉಸಿರು ಎಳೆದುಕೊಳ್ಳುವ ಮೊದಲೇ ಯಾರೋ ನನ್ನ ಜುಟ್ಟು ಹಿಡಿದು ಮೇಲೆತ್ತಿದರು. ಬೈರಾಪಟ್ಟಣದ ಬಳಿಯ ಕೆರೆಯಲ್ಲಿ ನನ್ನ ಮೊದಲ ಅಭ್ಯಾಸ ಮುಗಿದದ್ದು ಹೀಗೆ. ಎತ್ತಿದವರು ಮೀನು ಹಿಡಿಯುವ ಸಿದ್ದಣ್ಣ. ಈಜು ಬರುತ್ತದೆಂದು ಹೇಳಿದೆ. ಅವರು ಕೇಳಿಸಿಕೊಳ್ಳದೆ ನನ್ನನ್ನು ತೆಪ್ಪಕ್ಕೆ ಎಳೆದು ಹಾಕಿಕೊಂಡರು.

ಹೊನ್ನಾವರದವಳಾದ ನಾನು ಚನ್ನಪಟ್ಟಣಕ್ಕೆ ಬಂದದ್ದು ಪತ್ರಿಕೆಯ ವರದಿಗಾರ್ತಿಯಾಗಿ. ಕುಚ್ಚಲಕ್ಕಿ ಗಂಜಿ ಬಿಟ್ಟು, ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿತೆ. ಗೊಂಬೆ ಮಾಡುವವರ ಬೀದಿಯಲ್ಲಿ ಬಾಡಿಗೆ ಕೋಣೆ. ಅರಗಿನ ವಾಸನೆಗೂ ಒಗ್ಗಿದೆ. ಸಮುದ್ರವಿಲ್ಲದ ಸಂಜೆಗೆ ಮಾತ್ರ ಒಗ್ಗಲಾಗಲಿಲ್ಲ. ಊರಿನಿಂದ ನನ್ನ ಹಾಯಿಹಲಗೆ ತರಿಸಿದೆ; ಅದರ ಮೇಲೆ ನಿಂತು ಹಾಯಿ ಹಿಡಿದರೆ ಗಾಳಿಯೇ ನೀರ ಮೇಲೆ ಓಡಿಸುತ್ತದೆ.

ಈ ಸಲ ಅದರ ಅಡಿಗೆ ಫಾಯಿಲ್ ಜೋಡಿಸಿದ್ದೆ: ಒಂದು ಕಂಬ, ಅದರ ತುದಿಯಲ್ಲಿ ಪುಟ್ಟ ವಿಮಾನದಂಥ ರೆಕ್ಕೆ. ವೇಗ ಸಿಕ್ಕರೆ ಹಲಗೆ ನೀರು ಬಿಟ್ಟು ಮೊಣಕಾಲೆತ್ತರಕ್ಕೆ ಏಳುತ್ತದೆ. ಆ ಕ್ಷಣ ಮುಂದಿನ ಕಾಲಿನ ಮೇಲೆ ಭಾರ ಹಾಕದಿದ್ದರೆ ರೆಕ್ಕೆ ನೀರಿನಿಂದ ಹೊರಬಂದು ಎಲ್ಲವೂ ಕುಸಿಯುತ್ತದೆ. ಬೀಳದೆ ಇದನ್ನು ಕಲಿಯಲಾಗದು.

ನಮ್ಮ ಕಡೆ ಬಿದ್ದವರತ್ತ ಯಾರೂ ತಿರುಗಿಯೂ ನೋಡುವುದಿಲ್ಲ. ಇಲ್ಲಿ ಕೆರೆಗೆ ಬಿದ್ದವರು ದಡ ಸೇರುವ ತನಕ ನೋಡಿದವರು ಕದಲಬಾರದೆಂಬ ರೂಢಿ. ಎಮ್ಮೆ ತೊಳೆಯುವವರು, ಬಟ್ಟೆ ಒಗೆಯುವವರು ಕೆಲಸ ಬಿಟ್ಟು ನಿಲ್ಲುತ್ತಾರೆ. ಪ್ರತಿ ಸಲವೂ ಕೂಗು, ತೆಪ್ಪ, ದಡ. ಮತ್ತೆ ಮೊದಲಿಂದ. ಅತ್ತ ತೂಬು ಎತ್ತುವ ದಿನ ಹತ್ತಿರವಾಗುತ್ತಿತ್ತು. ಗದ್ದೆಗೆ ನೀರು ಹರಿದರೆ ಕೆರೆ ತಗ್ಗಿ, ಕಂಬ ಕೆಸರಿಗೆ ಕಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಒಮ್ಮೆಯಾದರೂ ಹಾರಬೇಕಿತ್ತು.

“ಬೀಳಾಕೆ ಇಷ್ಟುದ್ದ ಹಲ್ಗೆ ಯಾಕವ್ವಾ? ದಡದಿಂದ್ಲೇ ಬೀಳ್ಬೋದಲ್ಲ” ಎಂದರು ಸಿದ್ದಣ್ಣ.

“ನೀವು ಎತ್ತುತ್ತಿದ್ದರೆ ನಾನು ಕಲಿಯುವುದು ಹೇಗೆ? ದಯವಿಟ್ಟು ಬರಬೇಡಿ.”

ನನ್ನ ಪುಸ್ತಕದ ಕನ್ನಡ ಕೇಳಿ ದಡದಲ್ಲಿದ್ದವರು ನಕ್ಕರು. ಸಿದ್ದಣ್ಣ ನಗಲಿಲ್ಲ. “ಯಾರ ಮನೆ ಮಗ್ಳೋ ನೀನು. ನಮ್ ಕೆರೇಲಿ ಏನಾರ ಆಗ್ಬುಟ್ರೆ ನಿಮ್ಮವ್ವಂಗೆ ಏನಂತ ಯೋಳದು?”

ಈ ಪ್ರಶ್ನೆಯ ಮೇಲೆ ಸಿಟ್ಟು ಮಾಡುವುದು ಹೇಗೆಂದು ತಿಳಿಯಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ಬಿದ್ದ ಮೇಲೆ ನಾನು ಕೈ ಎತ್ತಿದರೆ ತೆಪ್ಪ ಬರುವುದಿಲ್ಲ. ಮೊದಮೊದಲು ಕೈ ಎತ್ತಿದರೂ ಅದು ಅರ್ಧ ದಾರಿ ಬಂದು ಕಾಯುತ್ತಿತ್ತು. ದಿಕ್ಕು ಬದಲಿಸುವ ಕೆರೆಯ ಗಾಳಿಯನ್ನು ಬೈಯುತ್ತಲೇ ಬಿದ್ದೆ, ಕೈ ಎತ್ತಿದೆ, ಮತ್ತೆ ಹಲಗೆ ಹತ್ತಿದೆ. ದಿನ ಕಳೆದಂತೆ ಬೀಳುವ ಮೊದಲು ಒಂದಿಷ್ಟು ದೂರ ತೇಲತೊಡಗಿದೆ.

ತೂಬು ಎತ್ತುವ ಹಿಂದಿನ ಸಂಜೆ ಗಾಳಿ ನೆಟ್ಟಗೆ ಬೀಸಿತು. ಹಲಗೆ ಎದ್ದಿತು. ಅಡಿಯ ತಟತಟ ಸದ್ದು ನಿಂತುಹೋಯಿತು. ಏರಿಯಿಂದ ಆಚೆ ದಡದ ಜೊಂಡಿನ ತನಕ ಹಾರಿದೆ. ಅಲ್ಲಿ ಬಿದ್ದೆ.

ಯಾರೂ ಕೂಗಲಿಲ್ಲ. ತಲೆ ಎತ್ತಿ ನೋಡಿದರೆ ಎಮ್ಮೆಯವರು ಎಮ್ಮೆ ತೊಳೆಯುತ್ತಿದ್ದರು. ಸಿದ್ದಣ್ಣ ಅತ್ತ ತಿರುಗಿ ಬಲೆ ಬಿಡಿಸುತ್ತಿದ್ದರು. ನಮ್ಮೂರಿನಲ್ಲಿ ಇದ್ದ ಹಾಗೆಯೇ. ನಾನು ಕೇಳಿದ್ದೂ ಇದನ್ನೇ. ಆದರೂ ಹಲಗೆ ಹಿಡಿದುಕೊಂಡು, ತೆಪ್ಪದ ದಾರಿ ನೋಡುತ್ತ ಒಸಿ ಹೊತ್ತು ನೀರಿನಲ್ಲೇ ಇದ್ದೆ. ಬರಬೇಡಿ ಎನ್ನುವ ಕೈಯನ್ನು ಬೇಕೆಂದೇ ಎತ್ತಲಿಲ್ಲ.