ಗುರುತಮ್ಮನ ಫಾರ್ಮು

೨೦೧೩ನೆಯ ಇಸವಿ ಸೆಪ್ಟೆಂಬರ್ ೯, ಸೋಮವಾರ. ಮಳೆಗಾಲ ಮುಗಿಯುತ್ತ ಬಂದಿತ್ತು. ಮೋಡ ಕವಿದಿದ್ದರೂ ಹನಿ ಬೀಳದೆ, ಬೆಳಗಿನಿಂದಲೇ ಮೈಗೆ ಅಂಟುವಂಥ ಸೆಕೆ. ಈ ಘಟನೆ ಮಂಗಳವಾರ ನಡೆದದ್ದೆಂದು ಹೇಳುವವರಿದ್ದಾರೆ. ಅದು ತಪ್ಪು. ಆಗ ಬಸ್ ನಿಲ್ದಾಣದ ವೇಳಾಪಾಲಕನಾಗಿದ್ದವನು ನಾನು. ರಿಜಿಸ್ಟರಿನ ಆ ದಿನದ ಪುಟದಲ್ಲಿರುವುದು ನನ್ನದೇ ಅಕ್ಷರ.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಕಳೆದ ವಸ್ತುಗಳ ಕೌಂಟರಿನ ಕಿಟಕಿಯ ಮೇಲೆ ಒಂದು ಸೂಚನಾಪತ್ರವನ್ನು ಅಂಟಿಸಲಾಯಿತು. ಜನವರಿ ಒಂದರಿಂದ ಈ ಕೌಂಟರನ್ನು ಮುಚ್ಚಲಾಗುವುದು. ಸಾರ್ವಜನಿಕರು ಗುತ್ತಿಗೆದಾರರು ಸಿದ್ಧಪಡಿಸಿದ ವೆಬ್ ಪುಟದಲ್ಲಿ ತಮ್ಮ ವಸ್ತುವನ್ನು ನೋಡಿ ಅರ್ಜಿ ಸಲ್ಲಿಸತಕ್ಕದ್ದು, ಎಂದು ಅದರ ಸಾರಾಂಶ.

ಆ ಕೌಂಟರಿನಲ್ಲಿ ೧೯೯೧ನೆಯ ಜೂನ್ ೩ರಿಂದ ಕುಳಿತಿದ್ದ ಹೆಂಗಸಿಗೆ ಚಾಲಕರು, ನಿರ್ವಾಹಕರು ಎಲ್ಲರೂ ಗುರುತಮ್ಮ ಎನ್ನುತ್ತಿದ್ದರು. ಯಾರೇ ಬಂದು ‘ನನ್ನ ಚೀಲ ಕಳೆದಿದೆ’ ಎಂದರೂ ಆಕೆ ಚೀಲವನ್ನು ತೋರಿಸುತ್ತಿರಲಿಲ್ಲ. ‘ಗುರುತು ಹೇಳಿ’ ಎನ್ನುತ್ತಿದ್ದಳು. ಪ್ರತಿ ವಸ್ತುವಿನಲ್ಲೂ ಅದರ ಒಡೆಯನಿಗಷ್ಟೇ ತಿಳಿದಿರಬಹುದಾದ ಒಂದು ಸಂಗತಿಯನ್ನು ಹುಡುಕಿ, ಚೀಟಿಯಲ್ಲಿ ಬರೆದು, ಒಳಕೋಣೆಯ ಕಪಾಟಿನಲ್ಲಿ ಬೀಗ ಹಾಕಿ ಇಡುವುದು ಆಕೆಯ ಕ್ರಮ. ಛತ್ರಿಯ ಕಡ್ಡಿಗೆ ಸುತ್ತಿದ ಹಳದಿ ದಾರ, ಕನ್ನಡಕದ ಡಬ್ಬಿಯೊಳಗಿನ ಮಡಚಿದ ಟಿಕೆಟು, ಇಂಥವು. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ವಸ್ತುವೂ ತಪ್ಪು ಕೈ ಸೇರಿರಲಿಲ್ಲ.

ಸೂಚನೆಯನ್ನು ಓದಿದವಳೇ ಆಕೆ ವ್ಯವಸ್ಥಾಪಕರ ಕೋಣೆಗೆ ನಡೆದಳು. ಗುತ್ತಿಗೆದಾರರ ಪುಟ ಅಲ್ಲಿ ಪರದೆಯ ಮೇಲಿತ್ತು. ಪ್ರತಿ ವಸ್ತುವಿನ ಚಿತ್ರ, ಬಣ್ಣ, ಕಲೆ, ಹರಕು ಯಾವುದನ್ನೂ ಬಿಟ್ಟಿರಲಿಲ್ಲ.

“ಎಲ್ಲಾ ನೀವೇ ಹೇಳಿಬಿಟ್ರೆ ಕೇಳೋಕೆ ಬಂದೋನು ಹೇಳೋದೇನು ಸಾರ್?”

“ಕಾಲ ಬದಲಾಗಿದೆಯಮ್ಮಾ” ಎಂದರು ವ್ಯವಸ್ಥಾಪಕರು.

“ಕಾಲ ಬದಲಾಗಿರಬಹುದು. ಕಳ್ಳ ಬದಲಾಗಿಲ್ಲ.”

“ಅಷ್ಟು ಗೊತ್ತಿದ್ರೆ ನೀವೇ ಒಂದು ಪುಟ ಮಾಡ್ಕೊಂಡು ಬನ್ನಿ, ನೋಡೋಣ” ಎಂದು ಅವರು ನಕ್ಕರು.

“ಎಷ್ಟು ದಿನ ಕೊಡ್ತೀರಾ?”

“ನವೆಂಬರ್ ಕೊನೆವರೆಗೂ ತಗೊಳ್ಳಿ.”

ಆಕೆ ನಗಲಿಲ್ಲ. ನೇರವಾಗಿ ನನ್ನ ಮೇಜಿಗೆ ಬಂದು, “ಬರ್ಕೊಳ್ಳಿ ಸಾರ್. ನವೆಂಬರ್ ಮೂವತ್ತು. ಸಾಹೇಬರ ಮಾತು” ಎಂದಳು. ಬರೆದುಕೊಂಡೆ. ಆಗ ಆಕೆಗೆ ಐವತ್ನಾಲ್ಕು ವರ್ಷ; ಕಂಪ್ಯೂಟರಿನಲ್ಲಿ ಪತ್ರ ಟೈಪ್ ಮಾಡುವುದರ ಆಚೆಗೆ ಏನೂ ಬಾರದು.

ಸೆಪ್ಟೆಂಬರ್ ೧೬ರಿಂದ ಪ್ರತಿದಿನ ಬೆಳಿಗ್ಗೆ ಆರೂವರೆಗೆ, ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ತರಬೇತಿ ಕೇಂದ್ರಕ್ಕೆ ಹೋಗತೊಡಗಿದಳು. ಹನ್ನೊಂದು ಕಂಪ್ಯೂಟರು, ಹತ್ತು ಕುರ್ಚಿ. ಗುರುತಮ್ಮನಿಗೆ ಸಿಕ್ಕಿದ್ದು ಸ್ಟೂಲು. ಕಲಿಸುತ್ತಿದ್ದ ಮೇಡಂಗೆ ಇಪ್ಪತ್ಮೂರು ವರ್ಷ. ಮೊದಲ ವಾರದಲ್ಲಿ ಹೆಸರಿಗೊಂದು, ವಯಸ್ಸಿಗೊಂದು ಖಾನೆ, ಕೆಳಗೊಂದು ಬಟನ್ ಇರುವ ಫಾರ್ಮು ತಯಾರಾಯಿತು. ಗುರುತಮ್ಮ ಬಟನ್ ಒತ್ತಿದಳು. ಮತ್ತೆ ಒತ್ತಿದಳು.

“ಏನು ಮೇಡಂ ಇದು, ಕೇಳಿಸ್ಕೊಳ್ತಾನೇ ಇಲ್ವಲ್ಲ!”

“ಕೇಳಿಸ್ಕೊಳ್ಳೋಕೆ ಆ ಕಡೆ ಯಾರಾದ್ರೂ ಇರ್ಬೇಕಲ್ಲ ಆಂಟಿ. ಅದನ್ನ ಇನ್ನೂ ಬರೆದೇ ಇಲ್ಲ ನಾವು.”

ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡು ಸಾಲು ಸಾಲಾಗಿ ಕೈಯಲ್ಲೇ ಬರೆದು ಅಭ್ಯಾಸ ಮಾಡುತ್ತಿದ್ದಳು. ಆಕೆಯ ಗಂಡ ಡಿಪೋದಲ್ಲಿ ಟೈರ್ ಫಿಟ್ಟರ್, ಮಾತಿನಲ್ಲಿ ಕಿಡಿಗೇಡಿ.

“ಏನೇ, ಊಟ ಬೇಕಾದ್ರೆ ನಾನು ಯಾವ ಬಟನ್ ಒತ್ಬೇಕು?”

“ಮೊದಲು ಫಾರ್ಮ್ ತುಂಬಿ. ‘ತಟ್ಟೆ ತೊಳೆದಿದ್ದೀರಾ’ ಅನ್ನೋ ಖಾನೆ ಖಾಲಿ ಇದ್ರೆ ಅರ್ಜಿ ವಜಾ.”

ಆತ ತಟ್ಟೆ ತೊಳೆದನೆಂಬುದನ್ನು ನಾನು ಆತನ ಬಾಯಿಂದಲೇ ಕೇಳಿದ್ದೇನೆ.

ನವೆಂಬರ್ ೧೧ರಿಂದ ಮೇಡಂ ತಮ್ಮ ಪರೀಕ್ಷೆಗೆಂದು ರಜೆಯ ಮೇಲೆ ಹೋದರು. ಆ ಅವಧಿಯಲ್ಲಿ ಗುರುತಮ್ಮ ತಾನೇ ಒಂದು ಪುಟವನ್ನು ರಚಿಸಿದಳು. ಮಾದರಿಗೆಂದು ಸೇರಿಸಿದ ಏಳು ವಸ್ತುಗಳ ಹೆಸರು ಮಾತ್ರ ಕಾಣುತ್ತದೆ. ಗುರುತನ್ನು ಟೈಪ್ ಮಾಡಿದರೆ ‘ಸರಿ’ ಅಥವಾ ‘ತಪ್ಪು’ ಎಂದು ಪುಟವೇ ಆ ಕ್ಷಣದಲ್ಲಿ ಉತ್ತರಿಸುತ್ತದೆ. ಹೇಳಿಕೊಡುವವರಿಲ್ಲದೆ ಮಾಡಿದ್ದು, ಆಕೆಗೆ ಹೆಮ್ಮೆಯಾಗಿದ್ದರೆ ತಪ್ಪೇನಿಲ್ಲ.

ನವೆಂಬರ್ ೨೭, ಬುಧವಾರ, ಮಧ್ಯಾಹ್ನ ಮೂರು ಗಂಟೆಗೆ ವ್ಯವಸ್ಥಾಪಕರ ಕೋಣೆಯಲ್ಲಿ ಅದರ ಪ್ರದರ್ಶನ ನಡೆಯಿತು. ಗುತ್ತಿಗೆದಾರರ ಕಡೆಯ ಟೈ ಕಟ್ಟಿದ ಎಂಜಿನಿಯರು ಒಂದೂ ಗುರುತನ್ನು ಊಹಿಸುವ ಗೋಜಿಗೆ ಹೋಗಲಿಲ್ಲ. ಮೌಸಿನ ಬಲಗುಂಡಿ ಒತ್ತಿ, ಪುಟದ ಹಿಂದಿರುವ ಬರಹವನ್ನೇ ತೆರೆದು, ಗಟ್ಟಿಯಾಗಿ ಓದತೊಡಗಿದ.

“ಛತ್ರಿ: ಹಳದಿ ದಾರ. ಕನ್ನಡಕದ ಡಬ್ಬಿ: ಮಡಚಿದ ಟಿಕೆಟು. ಸೂಟ್‌ಕೇಸು: ಒಂದು ಚಕ್ರ ಇಲ್ಲ. ಆಹಾ, ಏಳೂ ನಂದೇ ಅಮ್ಮಾ, ಆಟೋ ಕರೆಸಿ!”

ವ್ಯವಸ್ಥಾಪಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪುಟವನ್ನು ಕೇಳಿದವನ ಯಂತ್ರಕ್ಕೆ ಇಡೀ ಪುಟವೇ ಹೋಗುತ್ತದೆ, ಅದರೊಳಗೆ ಬರೆದದ್ದನ್ನೆಲ್ಲ ಆತ ಓದಬಲ್ಲ ಎಂಬುದು ಗುರುತಮ್ಮನಿಗೆ ತಿಳಿದಿರಲಿಲ್ಲ. ಚೀಟಿಗಳನ್ನು ಕಪಾಟಿನಲ್ಲಿಡುವ ಬದಲು ತಾನೇ ಕಿಟಕಿಗೆ ಅಂಟಿಸಿದಂತಾಗಿತ್ತು.

ಆಕೆಯ ಮುಖ ಕೆಂಪಾಯಿತು. ತಲೆ ಮಾತ್ರ ಬಾಗಲಿಲ್ಲ. “ತಪ್ಪು ನಂದೇ. ಆದ್ರೆ ನನ್ನ ಪುಟದಲ್ಲಿ ಕದಿಯೋಕೆ ನೀವು ಬಲಗುಂಡಿಯಾದ್ರೂ ಒತ್ಬೇಕಾಯ್ತಪ್ಪಾ. ನಿಮ್ಮ ಪುಟದಲ್ಲಿ ಅಷ್ಟು ಶ್ರಮಾನೂ ಇಲ್ಲ. ಸಾಹೇಬ್ರೇ, ಇನ್ನೂ ಮೂರು ದಿನ ಇದೆ.”

“ಬಿಡಮ್ಮಾ, ಸಾಕು.”

“ರಿಜಿಸ್ಟರಲ್ಲಿ ಇದೆ ಸಾರ್.”

೨೮ರಂದು ಮೇಡಂ ರಜೆ ಮುಗಿಸಿ ಬಂದರು. ನಡೆದದ್ದನ್ನೆಲ್ಲ ಕೇಳಿ, “ಆಂಟಿ, ಉತ್ತರ ಯಾವತ್ತೂ ಪುಟದಲ್ಲಿ ಇರಬಾರದು. ಫಾರ್ಮು ಬರೀ ಕಿಟಕಿ. ತುಂಬಿದ್ದನ್ನ ಒಳಗಿರೋ ಸರ್ವರ್ ಕಂಪ್ಯೂಟರಿಗೆ ಕಳಿಸಬೇಕು. ಅಲ್ಲಿ ನಾವು ಬರೆದ ಸ್ಕ್ರಿಪ್ಟು ಅದನ್ನ ನೋಡುತ್ತೆ. ಹೊರಗಿನೋರಿಗೆ ಅದು ಕಾಣಲ್ಲ” ಎಂದರು.

“ಹಂಗನ್ನಿ! ಒಳಕೋಣೆ!” ಎಂದಳು ಗುರುತಮ್ಮ.

ಗುರುವಾರ ಒಂದು ಸೆಮಿಕೋಲನ್ ಬಿಟ್ಟುಹೋದ ಕಾರಣ ನಲವತ್ತು ನಿಮಿಷ ಪರದೆ ಬೆಳ್ಳಗೆ ನಿಂತಿತ್ತು. ಶುಕ್ರವಾರ ಅದಕ್ಕಿಂತ ದೊಡ್ಡ ತೊಡಕು. ಮೇಡಂ ಛತ್ರಿಯ ಗುರುತೆಂದು ‘ಅರಿಶಿನ ಬಣ್ಣದ ನೂಲು’ ಎಂದು ಬರೆದರು; ಸ್ಕ್ರಿಪ್ಟು ತಪ್ಪು ಎಂದಿತು. ಅದಕ್ಕೆ ಹೇಳಿದ್ದುದು ‘ಹಳದಿ ದಾರ’. ಹೋಲುವ ಪದಗಳನ್ನೆಲ್ಲ ಪಟ್ಟಿಮಾಡಿ ಸೇರಿಸೋಣವೆಂದರು ಮೇಡಂ. ಗುರುತಮ್ಮ ಸ್ಟೂಲನ್ನು ಹಿಂದಕ್ಕೆ ಸರಿಸಿದಳು.

“ಬೇಡ ಮೇಡಂ. ಕಳ್ಕೊಂಡೋರು ಗಾಬರೀಲಿ ಏನೇನೋ ಹೇಳ್ತಾರೆ. ಸರಿ ತಪ್ಪು ಹೇಳೋ ಕೆಲಸ ಇದಕ್ಕೆ ಬೇಡ. ತಗೊಂಡು ಜೋಪಾನವಾಗಿ ಇಡ್ಲಿ, ಸಾಕು. ಓದೋಳು ನಾನಿದ್ದೀನಿ.”

ನವೆಂಬರ್ ೩೦, ಶನಿವಾರ, ಬೆಳಿಗ್ಗೆ ಹನ್ನೊಂದು. ಎಂಜಿನಿಯರು ಮತ್ತೆ ಬಲಗುಂಡಿ ಒತ್ತಿದ. ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ ಹುಡುಕಿದ. ಖಾನೆಗಳು, ಬಟನ್ನು, ಬೇರೇನೂ ಇರಲಿಲ್ಲ. ಗುಟ್ಟು ಬಯಲಾದ ಏಳು ವಸ್ತುಗಳ ಬದಲಿಗೆ ಗುರುತಮ್ಮ ಬೇರೆ ವಸ್ತುಗಳನ್ನು ಸೇರಿಸಿದ್ದಳು. ಕೊನೆಗೆ ಎಂಜಿನಿಯರು ಫಾರ್ಮನ್ನೇ ತುಂಬಿದ: ‘ಛತ್ರಿ, ಕಪ್ಪು, ಹಿಡಿ ಇದೆ.’ ‘ನಿಮ್ಮ ಅರ್ಜಿ ತಲುಪಿದೆ’ ಎಂದಷ್ಟೇ ಪುಟ ಉತ್ತರಿಸಿತು. ಗುರುತಮ್ಮ ತನ್ನ ಕೌಂಟರಿಗೆ ಹೋಗಿ, ಅಲ್ಲಿನ ಪರದೆಯಲ್ಲಿ ಅದನ್ನು ಓದಿ ಹಿಂದಿರುಗಿದಳು.

“ಹಿಡಿ ಇಲ್ಲದ ಛತ್ರಿ ಎಲ್ಲಾದ್ರೂ ನೋಡಿದ್ದೀಯೇನಪ್ಪಾ? ವಜಾ.”

ವ್ಯವಸ್ಥಾಪಕರು ಈ ಬಾರಿ ನಗಲಿಲ್ಲ. “ಚೆನ್ನಾಗಿದೆ. ಆದ್ರೆ ಸರಿಯೋ ತಪ್ಪೋ ಅಂತ ಯಂತ್ರ ಹೇಳಲ್ವಲ್ಲ?”

“ಇಲ್ಲ ಸಾರ್.”

“ಚೀಲ ಬಿಚ್ಚಿ ಗುರುತು ಹುಡುಕೋದು?”

“ಅದೂ ನಾನೇ.”

“ಹಾಗಾದ್ರೆ ಕೌಂಟರ್ ಮುಚ್ಚೋಕಾಗಲ್ವಲ್ಲಮ್ಮಾ!”

“ಮುಚ್ಚೋ ಪುಟ ಮಾಡ್ಕೊಂಡು ಬರ್ತೀನಿ ಅಂತ ನಾನು ಯಾವತ್ತು ಹೇಳಿದ್ದೆ ಸಾರ್?”

ಡಿಸೆಂಬರ್ ೬, ಶುಕ್ರವಾರದ ಆದೇಶದಂತೆ ಕೌಂಟರ್ ಮುಚ್ಚುವ ಸೂಚನೆಯನ್ನು ಹಿಂತೆಗೆದುಕೊಳ್ಳಲಾಯಿತು. ಗುರುತಮ್ಮನ ಫಾರ್ಮು ೨೦೧೪ನೆಯ ಜನವರಿ ೧ರಿಂದ ಬಳಕೆಗೆ ಬಂದಿತು. ಮೊದಲ ಅರ್ಜಿ ಜನವರಿ ೩ರಂದು, ಶ್ರವಣಯಂತ್ರ ಕಳೆದುಕೊಂಡ ಒಬ್ಬ ಬಡಗಿಯಿಂದ ಬಂದಿತು. ಗುರುತು ಸರಿಯಿದ್ದು ವಸ್ತುವನ್ನು ಅಂದೇ ಹಿಂದಿರುಗಿಸಲಾಯಿತು. ಆ ಪುಟವನ್ನು ‘ಕಚೇರಿಯ ವತಿಯಿಂದ’ ರಚಿಸಲಾಗಿದೆಯೆಂದು ಆದೇಶದಲ್ಲಿ ನಮೂದಿಸಿದ್ದಕ್ಕೆ ಆಕೆ ಡಿಸೆಂಬರ್ ೯ರಂದು ಲಿಖಿತ ಆಕ್ಷೇಪಣೆ ಸಲ್ಲಿಸಿದಳು, ಉತ್ತರ ಬರಲಿಲ್ಲ. ಪ್ರತಿ ವರ್ಷ ಅದೇ ತಾರೀಖಿಗೆ ಜ್ಞಾಪನಾಪತ್ರ ಕಳುಹಿಸಿದಳು, ಒಟ್ಟು ಐದು. ೨೦೧೯ನೆಯ ಮೇ ೩೧, ಶುಕ್ರವಾರ ನಿವೃತ್ತಳಾದಳು. ಆಕೆಯ ಜಾಗಕ್ಕೆ ಇಬ್ಬರನ್ನು ನೇಮಿಸಲಾಯಿತು.