ಠ ಗುರುತಿನ ಸ್ಪ್ಯಾನರ್

ಆಗೆಲ್ಲ ಹರ್ನ್‌ಡನ್ನಿನ ನಮ್ಮ ಅಪಾರ್ಟ್‌ಮೆಂಟಿಗೆ ಹೊಸ ವಸ್ತು ಬರುತ್ತಿದ್ದದ್ದೇ ಕಡಿಮೆ. ಬಂದದ್ದೆಲ್ಲ ಶನಿವಾರ ಬೆಳಿಗ್ಗೆ ಯಾರದೋ ಅಂಗಳದಲ್ಲಿ ಹಳೇ ಸಾಮಾನು ಮಾರುವ ಯಾರ್ಡ್ ಸೇಲಿನಿಂದ. ಸೋಫಾಗೆ ಇನ್ಯಾರದೋ ನಾಯಿಯ ವಾಸನೆ, ಲ್ಯಾಂಪಿಗೆ ಇನ್ಯಾರದೋ ಸಿಗರೇಟಿನ ವಾಸನೆ. ತೊಂಬತ್ತರ ದಶಕದಲ್ಲಿ ಅಮೆರಿಕಕ್ಕೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೈಸೂರಿನಲ್ಲಿ ಮೂರನೇ ಕ್ಲಾಸು ಮುಗಿಸಿ ಬಂದ ಮೊದಲ ಬೇಸಿಗೆ. ಅಪ್ಪ ತಂದ ಹಳೇ ಡಬ್ಬದ ತಳದಲ್ಲಿ ಒಂದು ವಿಚಿತ್ರ ಸ್ಪ್ಯಾನರ್ ಸಿಕ್ಕಿತು. ಹಾವಿನ ಹಾಗೆ ಎರಡು ಕಡೆ ಬಾಗಿದ್ದು, ನಡುವೆ ಗಿಣಿಕೊಕ್ಕಿನಂಥ ಕೊಂಡಿ. ಮಾರಿದ ಮುದುಕನಿಗೂ ಹಳೇ ಕಾರಿನದು ಅನ್ನುವುದಕ್ಕಿಂತ ಹೆಚ್ಚು ಗೊತ್ತಿರಲಿಲ್ಲವಂತೆ. ತುಕ್ಕಿನ ನಡುವೆ ಒಂದು ಅಚ್ಚು ಕಾಣುತ್ತಿತ್ತು. ದುಂಡಗೆ, ಒಳಗೆ ಚುಕ್ಕೆ, ಮೇಲೆ ತಲೆಕಟ್ಟು.

"ಅಪ್ಪಾ, ಠ! ಇದನ್ನ ಕನ್ನಡದವರು ಮಾಡಿರೋದು!"

ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಯಾವ ಠನೇ? ಠಕ್ಕನ ಠನಾ? ಸರಿ, ಯಾರು ಮಾಡಿದ್ದು ಅಂತ ನೀನೇ ಕಂಡುಹಿಡಿ ಪುಟ್ಟಿ. ಹಿಡಿದ್ರೆ ಅದು ನಿಂದೇ. ಪ್ರಾಮಿಸ್."

"ಮೊದಲು ಅದನ್ನ ಊಟದ ಟೇಬಲ್ ಮೇಲಿಂದ ತೆಗೀರಿ," ಎಂದು ಅಮ್ಮ ಗೊಣಗಿದರೂ, ಹಿತ್ತಾಳೆ ದೀಪ ತಿಕ್ಕಲು ಇಟ್ಟಿದ್ದ ಹುಣಸೆಹಣ್ಣಿನಲ್ಲಿ ಒಂದು ಉಂಡೆ ಕೊಟ್ಟಳು. ಸಿಂಕಿನಲ್ಲಿ ಕರಿನೀರು ಹರಿಯಿತು. ಕೈಯೆಲ್ಲ ಹುಳಿ, ಕಬ್ಬಿಣದ ವಾಸನೆ. ಉಜ್ಜುತ್ತ ಹೋದ ಹಾಗೆ ನನ್ನ ಠ ಒಂದು ಚಕ್ರವಾಯಿತು, ಚುಕ್ಕೆ ಅದರ ನಡುವಿನ ಗುಂಬವಾಯಿತು, ತಲೆಕಟ್ಟು ಹಕ್ಕಿಯ ರೆಕ್ಕೆ. ಅಚ್ಚಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಗುರುತು ಎತ್ತಿಕೊಂಡೆ.

ಆಮೇಲೆ ವಾರವಾರವೂ ಲೈಬ್ರರಿ. ಅಪ್ಪ ಕಿಟಕಿ ಪಕ್ಕ ಪೇಪರ್ ಹಿಡಿದು ತೂಕಡಿಸುತ್ತಿದ್ದರು. ನಾನು ಹಳೇ ಉಪಕರಣಗಳ ದಪ್ಪ ಪುಸ್ತಕಗಳ ಚಿತ್ರಗಳ ಮೇಲೆ ಬೆರಳಿಡುತ್ತ ಹೋಗುತ್ತಿದ್ದೆ. ಸ್ಕೂಲು ಶುರುವಾಗುವ ಮುಂಚೆ ಒಂದು ದಿನ ರೆಕ್ಕೆ, ಚಕ್ರ ಎರಡೂ ಒಟ್ಟಿಗೆ ಸಿಕ್ಕವು. ಟಾಲ್ವಿಕ್ ಬ್ರದರ್ಸ್, ಡರ್ಹಮ್. ಗಾಡಿಚಕ್ರ ಮಾಡುತ್ತಿದ್ದ ಅಣ್ಣತಮ್ಮಂದಿರು. ಕಾರು ಬಂದ ಮೇಲೆ ಸ್ಪ್ಯಾನರಿಗೆ ಇಳಿದವರು. ಆ ಕೊಕ್ಕು ಚಕ್ರದ ಮುಚ್ಚಳ ಎಬ್ಬಿಸಲಿಕ್ಕೆ! ನಾನು ಕಿರುಚಿದ್ದಕ್ಕೆ ಲೈಬ್ರರಿಯಾಕೆ ತುಟಿಯ ಮೇಲೆ ಬೆರಳಿಟ್ಟಳು. ಅಪ್ಪ ಮಾತ್ರ ನನ್ನನ್ನು ಎತ್ತಿ ತಿರುಗಿಸಿಬಿಟ್ಟರು. ಆ ಸಂಜೆ ಸ್ಪ್ಯಾನರ್ ಟೀವಿಯ ಮೇಲೆ, ದಸರಾ ಗೊಂಬೆಯ ಪಕ್ಕ ಕೂತಿತು.

ಮುಂದಿನ ಭಾನುವಾರ ಪ್ರಕಾಶ್ ಅಂಕಲ್ ಊಟಕ್ಕೆ ಬಂದರು. ಅಪ್ಪನ ಕೆಲಸ ಮುಂದುವರಿಯುವುದು ಬಿಡುವುದು ಅವರ ಒಂದು ಮಾತಿನಲ್ಲಿತ್ತು. ಅದಕ್ಕೇ ಅಮ್ಮ ಬೆಳಿಗ್ಗೆಯಿಂದ ಬಿಸಿಬೇಳೆ ಬಾತಿಗೆ ನಿಂತಿದ್ದಳು. ಅವರ ಗರಾಜಿನಲ್ಲಿ ಹಳೇ ಕಾರೊಂದಿತ್ತು. ಬಂದವರ ಕಣ್ಣು ನೇರ ಟೀವಿಯ ಮೇಲೇ ಹೋಯಿತು.

"ವಾವ್! ಎಲ್ಲಿ ಸಿಕ್ತು ಇದು? ಮೇಕರ್ ಯಾರು, ಗೊತ್ತಾಯ್ತಾ?"

ನಾನು ಬಾಗಿಲ ಹತ್ತಿರ ತುದಿಗಾಲಲ್ಲಿ ನಿಂತೆ. ಈಗ ಅಪ್ಪ ನನ್ನ ಹೆಸರು ಹೇಳುತ್ತಾರೆ.

"ಟಾಲ್ವಿಕ್ ಬ್ರದರ್ಸ್ ಸರ್, ಡರ್ಹಮ್‌ನವರು," ಅಂದರು ಅಪ್ಪ. "ಲೈಬ್ರರೀಲಿ ಕೂತು ರಿಸರ್ಚ್ ಮಾಡಿ ಹಿಡಿದೆ. ಇವಳು ಅದನ್ನ ಠ ಅಂತ ಓದಿದ್ಲು, ಕೇಳಿ!"

ಅಂಕಲ್ ಹೊಟ್ಟೆ ಹಿಡಿದು ನಕ್ಕರು. ಅಪ್ಪನೂ ನಕ್ಕರು. ಆಮೇಲೆ, "ನಮಗ್ಯಾಕೆ ಸರ್, ನಿಮ್ಮ ಕಾರಿಗಾಗುತ್ತೆ. ಪುಟ್ಟಿ, ತಂದ್ಕೊಡು ಅಂಕಲ್‌ಗೆ."

ಅಮ್ಮನ ಕಡೆ ನೋಡಿದೆ. ಅಮ್ಮ ಹಪ್ಪಳದ ಬಾಣಲೆ ಕಡೆ ತಿರುಗಿಕೊಂಡಳು. ನಾನು ಎಡಚಿ. ಸ್ಪ್ಯಾನರ್ ತೆಗೆದು ಚಾಚಿದೆ.

"ಏ, ಬಲಗೈಲಿ ಕೊಡಮ್ಮ," ಅಂದರು ಅಪ್ಪ, ಮೆತ್ತಗೆ.

ಕೈ ಬದಲಿಸಿ ಕೊಟ್ಟೆ.

ಅಪ್ಪನ ಕೆಲಸ ಉಳಿಯಿತು. ನಾವೂ ಈ ದೇಶದಲ್ಲೇ ಉಳಿದೆವು. ಅಂದಿನ ಅಪ್ಪನ ಭಯ ನನಗೆ ಈಗ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಹಗುರವಾಗಿಲ್ಲ. ಅದಕ್ಕೆ ಮುಂಚೆ ದಾರಿಯಲ್ಲಿ ಗೋಲಿ ಸಿಕ್ಕರೂ ಅಪ್ಪನಿಗೇ ಮೊದಲು ತೋರಿಸಲು ಓಡುತ್ತಿದ್ದೆ. ಆಮೇಲೆ ಕಾಲೇಜಿನ ಸೀಟಾಗಲಿ, ಮದುವೆಯ ಮಾತಾಗಲಿ, ಅವರಿಗೆ ಅಮ್ಮನಿಂದಲೇ ತಿಳಿಯಿತು.

ಹೋದ ತಿಂಗಳು ರಾಲಿಯ ನಮ್ಮ ಮನೆಗೆ ಅಪ್ಪ ಬಂದಿದ್ದರು. ಊಟದ ಹೊತ್ತಿನಲ್ಲಿ ನನ್ನ ಮಗಳಿಗೆ ಸ್ಪ್ಯಾನರಿನ ಕತೆ ಹೇಳಿದರು. ಹುಣಸೆಹಣ್ಣು, ರೆಕ್ಕೆ, ಚಕ್ರ ಎಲ್ಲ ಬಂದವು. ಅವಳು ಬಾಯಿ ತೆರೆದು ಕೇಳಿದಳು, "ತಾತಾ, ಯು ಫೌಂಡ್ ಇಟ್ ಆಲ್ ಬೈ ಯುವರ್‌ಸೆಲ್ಫ್?"

"ಮತ್ತಿನ್ಯಾರು?" ಅಂದರು ಅಪ್ಪ. ಸುಳ್ಳು ಹೇಳುವವರ ಮುಖವಾಗಿರಲಿಲ್ಲ ಅದು. ನಿಜಕ್ಕೂ ಹಾಗೇ ನೆನಪಿತ್ತು ಅವರಿಗೆ.

ನಾನು ಎಡಗೈಯಲ್ಲಿ ಸೌಟು ಹಿಡಿದು ಅವರ ತಟ್ಟೆಗೆ ಸಾರು ಬಡಿಸಿದೆ. ಈಗ ಅವರು ಏನೂ ಅನ್ನುವುದಿಲ್ಲ.